ಇಸ್ತ್ರಿಯಾಗದ ಎಡತೋಳು

ಕಥೆ ಬರೆಯುವುದನ್ನು ಕಲಿಸುತ್ತಾರಂತೆ, ಫೀಸಿಲ್ಲವಂತೆ, ವಾರಕ್ಕೊಂದು ಸಂಜೆಯಂತೆ ಎಂದು ಗ್ರಂಥಾಲಯದ ಗೋಡೆಗೆ ಅಂಟಿಸಿದ್ದ ಕಾಗದ ಓದಿಕೊಂಡು ಬಂದವಳು ನಾನು. ಅಕ್ಕನನ್ನು ಎಳೆದುಕೊಂಡು ಹೋದವಳೂ ನಾನೇ. ನನಗೆ ಕಥೆಯ ಹುಚ್ಚೇನೂ ಇರಲಿಲ್ಲ. ವಾರಕ್ಕೆ ಒಂದು ಸಂಜೆಯಾದರೂ ಒಲೆ ಮುಂದೆ ನಿಲ್ಲದೆ ಕುರ್ಚಿ ಮೇಲೆ ಕೂರಬಹುದಲ್ಲ ಎಂಬ ಆಸೆ ಅಷ್ಟೆ. ನಾನೊಬ್ಬಳೇ ಹೊರಟರೆ ನಮ್ಮನೆಯವರು ಮುಖ ಗಂಟಿಕ್ಕುತ್ತಾರೆ. ಅಕ್ಕನೂ ಜೊತೆಗೆ ಬರುತ್ತಾಳೆ ಅಂದರೆ ಆ ಮನೆಯಲ್ಲಿ ಯಾರೂ ಕೆಮ್ಮುವುದಿಲ್ಲ.

ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ಒಂದೇ ಮನೆ, ಒಂದೇ ಅಡುಗೆಮನೆ, ಇಬ್ಬರ ನಾಲಿಗೆಯೂ ಚೂಪು, ಆದರೂ ನಾವು ಜಗಳವಾಡದೆ ಬದುಕಿದ್ದೇವೆ ಅಂದರೆ ಅದಕ್ಕೆ ಅವಳೇ ಕಾರಣ. ನಾನು ಹತ್ತು ಮಾತು ಆಡಿದರೆ ಅವಳು ಒಂದು ಆಡುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ. ರಸ್ತೆ ತಿರುವಿನ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ಕೆಲಸ. ಬೆಳಗ್ಗೆ ಮೇಜಿನ ಮುಂದೆ ನಿಂತರೆ ಊಟಕ್ಕೆ ಬಿಟ್ಟರೆ ಕೂರುವುದೇ ಇಲ್ಲ. ಬಲ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಳೇ ಕಲೆ ಇದೆ. ಒಮ್ಮೆ ಒಬ್ಬ ಗಿರಾಕಿ ಬಂದು, ನೀವು ಒಗೆದು ಒಗೆದು ನನ್ನ ಅಂಗಿ ಚಿಕ್ಕದಾಗಿದೆ ಎಂದು ಕೂಗಾಡಿದರಂತೆ. ಅಕ್ಕ ಅವರ ಹೊಟ್ಟೆಯನ್ನು ಒಂದು ಸಲ ನೋಡಿ, "ಅಂಗಿ ಇದ್ದಲ್ಲೇ ಇದೆ ಸಾರ್, ನೀವು ಸ್ವಲ್ಪ ಮುಂದೆ ಬಂದಿದೀರಿ" ಅಂದಳಂತೆ. ಆ ಮನುಷ್ಯ ಇವತ್ತಿಗೂ ಅಲ್ಲಿಗೇ ಬಟ್ಟೆ ಕೊಡುತ್ತಾರೆ.

ಇಂಥ ಗಟ್ಟಿಗಿತ್ತಿಗೆ ಒಂದು ವಿಚಿತ್ರ ಇತ್ತು. ಮನೆಯ ಮುಂಬಾಗಿಲಿನ ಚಿಲಕವನ್ನು ಅವಳು ಹಾಕಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿಲ್ಲ. ಬಾಗಿಲು ಸುಮ್ಮನೆ ಮುಂದೆ ಮಾಡಿರುತ್ತಿತ್ತು. ಗಂಡಸರು ಕೆಲಸದಿಂದ ಬಂದು ತಳ್ಳಿಕೊಂಡು ಒಳಗೆ ಬರುವುದು, ಕೊನೆಗೆ ಬಂದವರು ಚಿಲಕ ಹಾಕುವುದು. ನಮ್ಮ ಮನೆಯಲ್ಲಿ ಬಾಗಿಲು ತಟ್ಟುವ ಪದ್ಧತಿಯೇ ಇರಲಿಲ್ಲ. ಹೊರಗೆ ಚಪ್ಪಲಿ ಸದ್ದಾದರೆ ಸಾಕು, ಅಕ್ಕ ಕೈಯಲ್ಲಿದ್ದದ್ದನ್ನು ಬಿಟ್ಟು ತಲೆಯೆತ್ತಿ ನೋಡುತ್ತಿದ್ದಳು. ಭಾವನವರೋ ನಮ್ಮನೆಯವರೋ ಒಳಗೆ ಬಂದ ಕೂಡಲೇ ಮತ್ತೆ ತಲೆ ತಗ್ಗಿಸುತ್ತಿದ್ದಳು. ಬಂದವರು ಗಂಡನೇ ಆಗಿದ್ದರೂ ಆ ಮುಖದಲ್ಲಿ ಕಾಣುತ್ತಿದ್ದದ್ದು ಇವರಲ್ಲ ಎಂಬ ಸಪ್ಪೆ. ಪಾಪ ಭಾವನವರು, ಅದಕ್ಕೆ ಒಗ್ಗಿಕೊಂಡುಬಿಟ್ಟಿದ್ದರು.

ಅವಳಿಗೊಬ್ಬ ತಮ್ಮನಿದ್ದ. ಸಣಕಲ, ಅದಕ್ಕೇ ಎಲ್ಲರ ಬಾಯಲ್ಲೂ ಕಡ್ಡಿ. ತಾಯಿ ಬೇಗ ಹೋದದ್ದರಿಂದ ಅವನಿಗೆ ಅನ್ನ ಕಲಸಿ ತಿನ್ನಿಸಿದ್ದು, ಬೈದದ್ದು, ಶಾಲೆಗೆ ಅಟ್ಟಿದ್ದು ಎಲ್ಲಾ ಇವಳೇ. ಮೀಸೆ ಬರುವ ವಯಸ್ಸು ಅವನಿಗೆ. ಅಕ್ಕನ ಮದುವೆಗೆ ಮುಂಚಿನ ಮಾತು, ಒಂದು ಬೆಳಗ್ಗೆ ತವರುಮನೆಯಲ್ಲಿ ಅವಳು ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಕಾಲರ್ ಆಗಿತ್ತು, ಬೆನ್ನಾಗಿತ್ತು, ಬಲತೋಳಾಗಿತ್ತು. ಎಡತೋಳಿಗೆ ಕೈ ಹಾಕುವಷ್ಟರಲ್ಲಿ, "ಸಾಕು ಬಿಡೇ, ಹೊತ್ತಾಯ್ತು" ಎಂದು ಅಂಗಿಯನ್ನು ಮೇಜಿನಿಂದ ಎಳೆದು ಹಾಗೇ ಹಾಕಿಕೊಂಡ. ದಿನಾ ಹೇಳುವಂತೆ ಹೊಸಿಲಲ್ಲಿ ನಿಂತು, "ಅಕ್ಕಾ, ಬಾಗಿಲು ಹಾಕ್ಕೋ" ಅಂದ. ಇವಳು ಸಿಟ್ಟಿನಲ್ಲಿ ಹ್ಞೂಂ ಅಂದಳು, ಹೋಗಿ ಹಾಕಲಿಲ್ಲ. ಅವನು ಹಿಂದಿರುಗಿ ಬರಲೇ ಇಲ್ಲ. ಆಸ್ಪತ್ರೆ, ಪೊಲೀಸು, ನೆಂಟರು, ಗೆಳೆಯರು ಎಲ್ಲಾ ಕಡೆ ಹುಡುಕಿದ್ದಾಯಿತು. ಸುದ್ದಿಯೂ ಸಿಗಲಿಲ್ಲ, ಶವವೂ ಸಿಗಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳ ಸೋದರಮಾವ, "ಇನ್ನು ಅವನಿಲ್ಲ ಅಂದ್ಕೊಂಡ್ಬಿಡು ಮಗಳೇ" ಅಂದರಂತೆ. ಅಕ್ಕ ಆಮೇಲೆ ಆ ಮಾವನ ಮನೆ ಹೊಸಿಲು ತುಳಿಯಲಿಲ್ಲ. ಕಡ್ಡಿ ಸತ್ತ ಎಂದು ಅವಳ ಎದುರು ಹೇಳಿದವರು ಅವಳ ಪಾಲಿಗೆ ತಾವೇ ಸತ್ತಂತೆ.

ಕ್ಲಾಸು ನಡೆಯುತ್ತಿದ್ದದ್ದು ಗ್ರಂಥಾಲಯದ ಮಹಡಿಯ ಮೇಲೆ, ಮಕ್ಕಳ ವಿಭಾಗದಲ್ಲಿ. ಕುರ್ಚಿಗಳೆಲ್ಲ ಮೊಣಕಾಲೆತ್ತರ. ನಾವು ಹನ್ನೆರಡು ಹದಿಮೂರು ದೊಡ್ಡ ದೊಡ್ಡ ಜನ ಆ ಪುಟ್ಟ ಕುರ್ಚಿಗಳ ಮೇಲೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಸುತ್ತಲೂ ಕೂತಿದ್ದನ್ನು ನೋಡಿದ್ದರೆ ಯಾರಿಗಾದರೂ ನಗು ಬರಬೇಕು. ಕಲಿಸುವವರು ಒಂದು ಕಾಲದಲ್ಲಿ ರೇಡಿಯೋಗೆ ನಾಟಕ ಬರೆಯುತ್ತಿದ್ದ ಮೇಷ್ಟ್ರು. ಸದಾ ಬಾಯಲ್ಲಿ ಗಂಟಲು ಮಾತ್ರೆ. "ಹೇಳಬೇಡಿ, ಕಾಣಿಸಿ" ಅನ್ನುತ್ತಿದ್ದರು. ಕಾಣಿಸೋಕೆ ಇದೇನು ಬಟ್ಟೆ ಅಂಗಡಿಯೇ ಎಂದು ನಾನು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ. ಅಕ್ಕ ನಗಲಿಲ್ಲ, ಬರೆದುಕೊಳ್ಳುತ್ತಿದ್ದಳು.

ಮೊದಲ ದಿನದ ಪಾಠ, ಒಬ್ಬ ಮನುಷ್ಯನನ್ನು ಸೃಷ್ಟಿಸುವುದು. ಅವನಿಗೆ ಏನು ಬೇಕು, ಅವನ ಜೇಬಿನಲ್ಲಿ ಏನಿದೆ, ಅವನ ಬಾಯಲ್ಲಿ ಸದಾ ಇರುವ ಮಾತು ಯಾವುದು. ನಾನು ನಮ್ಮ ಪಕ್ಕದ ಮನೆ ಹೆಂಗಸನ್ನೇ ಹೆಸರು ಬದಲಾಯಿಸಿ ಕೂರಿಸಿದೆ. ಆಮೇಲೆ ಅಕ್ಕನ ಹಾಳೆ ಇಣುಕಿ ನೋಡಿದೆ. ಸಣಕಲ ಹುಡುಗ. ಅವನಿಗೆ ಬೇಕಾದದ್ದು ಮೀಸೆ. ಜೇಬಿನಲ್ಲಿ ಪೆನ್ನಿನ ಮುಚ್ಚಳ ಇದೆ, ಪೆನ್ನಿಲ್ಲ. ಅಂಗಿಯ ಎಡತೋಳು ಮುದುಡಿದೆ. ಬಾಯಲ್ಲಿರುವ ಮಾತು, "ಅಕ್ಕಾ, ಬಾಗಿಲು ಹಾಕ್ಕೋ."

ಮುಂದಿನ ವಾರ ಮೇಷ್ಟ್ರು ತಮ್ಮ ಗುಟ್ಟು ಬಿಟ್ಟರು. ನಿಮ್ಮ ಮನುಷ್ಯನನ್ನು ನಿಮ್ಮ ಎಡಗಡೆಯವರ ಕೈಗೆ ಕೊಡಿ ಅಂದರು. ಮುಂದೆ ಅವನಿಗೆ ಏನಾಗುತ್ತದೆ ಎಂದು ಅವರು ಬರೆಯಬೇಕು, ಅವರಾದ ಮೇಲೆ ಅವರ ಎಡಗಡೆಯವರು. ಎರಡು ಕೈ ದಾಟಿ ಬಂದ ಮೇಲೆ ಕೊನೆಯನ್ನು ನೀವು ಬರೆಯಬೇಕು. "ಒಂದೇ ನಿಯಮ. ಬರೆದದ್ದು ನಡೆದದ್ದು. ಅಳಿಸೋ ಹಾಗಿಲ್ಲ, ಅದೆಲ್ಲ ಕನಸು ಅಂತ ಜಾರಿಕೊಳ್ಳೋ ಹಾಗಿಲ್ಲ. ನಿಮ್ಮವರನ್ನ ನೀವೇ ಮುದ್ದು ಮಾಡ್ತಾ ಕೂತ್ರೆ ಕಥೆ ಆಗಲ್ಲ."

ಆ ದಿನ ಅಕ್ಕನ ಎಡಗಡೆ ಕೂತಿದ್ದವರು ಡ್ರೈವಿಂಗ್ ಶಾಲೆಯ ಮಾಸ್ತರರು, ಅವರ ಎಡಗಡೆ ನಾನು. ದಪ್ಪ ಮನುಷ್ಯ, ಇಡೀ ಕೋಣೆಗೆ ಗಟ್ಟಿ ಕುರ್ಚಿ ಅದೊಂದೇ ಎಂದು ನಮ್ಮಿಬ್ಬರ ನಡುವೆ ತೂರಿಕೊಂಡಿದ್ದರು. ನಾನು ಅವರ ಬೆನ್ನ ಹಿಂದಿನಿಂದ ಬಗ್ಗಿ, "ಅಕ್ಕ, ಕೊಡಬೇಡ. ಬೇರೆ ಯಾರನ್ನಾದ್ರೂ ಬರೆದುಕೊಡು" ಅಂದೆ.

"ಇರ್ಲಿ ಬಿಡೇ," ಅಂದಳು ಅಕ್ಕ. "ಎಲ್ಲಿಗೆ ಹೋದ ಅಂತ ಇವರಾದ್ರೂ ಹೇಳ್ತಾರೇನೋ ನೋಡೋಣ."

ಹಾಳೆ ಕೊಟ್ಟುಬಿಟ್ಟಳು.

ಡ್ರೈವಿಂಗ್ ಮಾಸ್ತರರು ಹಾಳೆಯನ್ನು ಮನೆಗೆ ಒಯ್ದು, ಮುಂದಿನ ವಾರ ಉತ್ಸಾಹದಿಂದ ಎದ್ದು ನಿಂತು ಓದಿದರು. ಹುಡುಗ ಗೆಳೆಯರ ಜೊತೆ ಹಳೇ ಕಲ್ಲುಗಣಿಯ ಹೊಂಡಕ್ಕೆ ಈಜಲು ಹೋಗುತ್ತಾನೆ. ಮೀಸೆಯಿಲ್ಲದವನು ಎಂದು ಯಾರೋ ಛೇಡಿಸುತ್ತಾರೆ. ನೋಡಿ ಈಗ ಎಂದು ಅಂಗಿ ಸಮೇತ ಹಾರುತ್ತಾನೆ. ಮೇಲೆ ಬರುವುದಿಲ್ಲ. ಸಂಜೆ ಹೊತ್ತಿಗೆ ಎತ್ತಿ ದಡದಲ್ಲಿ ಮಲಗಿಸುತ್ತಾರೆ, ಜೇಬಿನಲ್ಲಿ ಪೆನ್ನಿನ ಮುಚ್ಚಳ ಸಿಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗಂಟಲು ಮಾತ್ರೆ ಕೆನ್ನೆಗೆ ಸರಿಸಿಕೊಂಡು, ಮುಚ್ಚಳವನ್ನು ಎಷ್ಟು ಚೆನ್ನಾಗಿ ಉಪಯೋಗಿಸಿದ್ದೀರಿ ಎಂದು ಹೊಗಳಿದರು.

ನಾನು ಅಕ್ಕನ ಮುಖ ನೋಡಲಾರದೆ ಅವಳ ಕೈ ನೋಡಿದೆ. ಮಡಿಲಲ್ಲಿದ್ದ ಬಿಳಿ ಹಾಳೆಯ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದಳು.

"ಅಂಗಿ ಹಾಕ್ಕೊಂಡೇ ಹಾರಿದ್ನಾ?" ಎಂದು ಕೇಳಿದಳು.

"ಹೌದಮ್ಮಾ. ಆಗ್ಲೇ ಅಲ್ವಾ ಅವಸರದವನು ಅಂತ ಗೊತ್ತಾಗೋದು," ಅಂದರು ಮಾಸ್ತರರು ಖುಷಿಯಿಂದ.

"ಹೌದು. ಅವಸರದವನೇ," ಅಂದಳು ಅಕ್ಕ.

ಹಾಳೆ ನನ್ನ ಕೈಗೆ ಬಂತು. ಈ ಸುತ್ತು ಅಲ್ಲೇ ಕೂತು ಬರೆಯಬೇಕು, ಗಂಟೆ ಹೊಡೆಯುವವರೆಗೆ ಸಮಯ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬದುಕಿಸಬಹುದಾ ಎಂದು ಮೇಷ್ಟ್ರನ್ನು ಕೇಳಿದೆ. ಆಗುವುದಿಲ್ಲ, ಬರೆದದ್ದು ನಡೆದದ್ದು ಅಂದರು. "ಕಡ್ಡಿ ಎಲ್ಲಾದ್ರೂ ಮುಳುಗುತ್ತೇನ್ರೀ?" ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಯಾರಿಗೂ ಅರ್ಥವಾಗಲಿಲ್ಲ. ಇವನು ನಿಜವಾದ ಹುಡುಗ ಕಣ್ರೀ ಎಂದು ಕಿರುಚಬೇಕೆಂದು ಬಾಯಿ ತೆಗೆದೆ. ಅಕ್ಕ ಮಾಸ್ತರರ ಹೊಟ್ಟೆಯಾಚೆಯಿಂದ ಒಂದು ನೋಟ ನೋಡಿದಳು, ಬಾಯಿ ಮುಚ್ಚಿಕೊಂಡೆ.

"ಸರಿ ಮೇಷ್ಟ್ರೇ," ಅಂದೆ, "ಸತ್ತವನು ಎದ್ದು ಮನೆಗೆ ನಡ್ಕೊಂಡು ಬರಬಾರದು ಅಂತೇನೂ ನೀವು ಹೇಳಿಲ್ಲವಲ್ಲ?"

ಮೇಷ್ಟ್ರ ಮುಖ ಅರಳಿತು. "ಬರಬಹುದು. ಖಂಡಿತ ಬರಬಹುದು."

ಬರೆದೆ. ಅವನನ್ನು ದಡದಿಂದ ಎಬ್ಬಿಸಿದೆ. ರಸ್ತೆಯುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ನಡೆಸಿಕೊಂಡು ಬಂದೆ. ಅವನ ಮನೆ ನಾನು ನೋಡಿದವಳಲ್ಲ, ಹಾಗಾಗಿ ನಮ್ಮ ಮನೆಗೇ ಕರೆತಂದೆ. ಹಸಿರು ಬಣ್ಣ ಎದ್ದಿರುವ ಬಾಗಿಲು, ಪಕ್ಕದಲ್ಲಿ ಛತ್ರಿ ತೂಗುಹಾಕುವ ಮೊಳೆ, ಕೆಳಗೆ ಗೋಣಿಯ ಕಾಲೊರಸು, ಎಲ್ಲಾ ನಮ್ಮದೇ. ಒಳಗೆ ಕರೆದು ಬೆಚ್ಚಗೆ ಕೂರಿಸಬೇಕು ಎಂದಿದ್ದೆ. ಕಾಲೊರಸಿನ ಮೇಲೆ ನಿಂತ ಎಂದು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು, ಮೇಷ್ಟ್ರು ಪೆನ್ನು ಕಿತ್ತುಕೊಂಡರು. ಅಷ್ಟನ್ನೇ ಓದಿದೆ.

ಮನೆ ಬರುವಷ್ಟರಲ್ಲಿ ಅಕ್ಕ ನನಗಿಂತ ಮುಂದೆ ನಡೆದಿದ್ದಳು. ಬಾಗಿಲ ಮುಂದೆ ನಿಂತಳು.

"ಇಲ್ಲೇ ಅಲ್ವಾ ನಿಲ್ಲಿಸಿದ್ದು?"

"ಟೈಮ್ ಆಗೋಯ್ತಲ್ಲಕ್ಕ."

"ಒಳಗೆ ಕರೆದಿದ್ರೆ ಆಗ್ತಿತ್ತು ಕಣೇ," ಅಂದಳು. ಆಮೇಲೆ ಕಾಲೊರಸನ್ನು ತುಳಿಯದೆ, ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಗೋಡೆಗೆ ಒತ್ತಿಕೊಂಡು ಒಳಗೆ ಹೋದಳು. ಹೇಳಿದರೆ ನಗುತ್ತೀರಿ, ನಾನೂ ಹಾಗೇ ಹೋದೆ.

ಆ ವಾರವಿಡೀ ಹೀಗೇ ನಡೆಯಿತು. ಅಕ್ಕ ಬೆಳಗ್ಗೆ ಎದ್ದು ಕಾಲೊರಸನ್ನು ಬಿಸಿಲಿಗೆ ಹಾಕುತ್ತಿದ್ದಳು. ಒದ್ದೆಯಾಗಿದೆ ಎನ್ನುತ್ತಿದ್ದಳು. ನಾನು ಮುಟ್ಟಿ ನೋಡಿದರೆ ಕೊಬ್ಬರಿಯ ಹಾಗೆ ಒಣಗಿರುತ್ತಿತ್ತು. ಭಾವನವರು ಬಂದರೆ, ಹೊರಗೆ ಯಾರಾದರೂ ಇದ್ದಾರಾ ಎಂದು ಕೇಳುವಳು. ಯಾರೂ ಇಲ್ಲವಲ್ಲ ಎನ್ನುವರು. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಕೊಡಲು ಲಾಂಡ್ರಿಗೆ ಹೋದಾಗ ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಹೇಳಿದಳು.

"ಇಷ್ಟು ವರ್ಷ ನಾನು ಅವನ್ನ ದಿನಾ ನೋಡ್ತಿದ್ದೆ ಕಣೇ. ಬಸ್ಸಲ್ಲಿ, ಅಂಗಡೀಲಿ, ಯಾರದೋ ಬೆನ್ನು ನೋಡಿದ್ರೆ ಇವನೇ ಅನ್ಸೋದು. ಒಣಗಿದ ಅಂಗಿ, ಎಡತೋಳು ಮುದುಡಿರೋದು. ಈಗ ಎಲ್ಲಿ ನೋಡಿದ್ರೂ ಒದ್ದೆ. ಬೆನ್ನಿಗೆ ಅಂಗಿ ಅಂಟ್ಕೊಂಡಿದೆ. ಎರಡು ತೋಳೂ ಒಂದೇ ಥರ ಆಗಿಬಿಟ್ಟಿದೆ. ಮುಖನಾದ್ರೂ ನೋಡೋಣ ಅಂದ್ರೆ ಕೂದಲು ಅಡ್ಡ."

"ಅದು ಆ ದಪ್ಪಯ್ಯ ಬರೆದದ್ದಕ್ಕ. ನಿಜ ಅಲ್ಲ."

"ನಂಗೊತ್ತಿಲ್ವಾ ಅದು?" ಅಂದಳು. ಆದರೆ ಅವಳ ದನಿಯಲ್ಲಿ ಗೊತ್ತಿದ್ದವಳ ಧೈರ್ಯ ಇರಲಿಲ್ಲ. ಅವಳು ಅಷ್ಟು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನೆಟ್ಟಗೆ ಡ್ರೈವಿಂಗ್ ಶಾಲೆಗೆ ಹೋದೆ. ಆ ಮನುಷ್ಯ ಯಾರಿಗೋ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದರು. ಕಿಟಕಿಯೊಳಗೆ ತಲೆ ತೂರಿಸಿ, ನೀವು ಮುಳುಗಿಸಿದ ಹುಡುಗ ಯಾರು ಗೊತ್ತಾ ಎಂದು ಶುರುಮಾಡಿದವಳು ಎಲ್ಲಾ ಒದರಿಬಿಟ್ಟೆ. ಪಾಪ, ಅವರ ಮುಖದ ಬಣ್ಣ ಇಳಿದುಹೋಯಿತು. "ನಂಗೇನಮ್ಮ ಗೊತ್ತು, ಕಥೆ ಅಂದ್ಕೊಂಡೆ" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಮಾರನೇ ದಿನ ನಾನು ಡಬ್ಬಿ ಕೊಡಲು ಹೋಗಿದ್ದಾಗಲೇ ಲಾಂಡ್ರಿಗೆ ಬಂದರು, ಕೈಯಲ್ಲಿ ಹೊಸ ಹಾಳೆ. ಹೊಂಡದಲ್ಲಿ ಮುಳುಗಿದವನು ಬೇರೆ ಹುಡುಗ, ಮುಚ್ಚಳ ಅವನ ಜೇಬಿಗೆ ಹೇಗೋ ಹೋಗಿತ್ತು, ಕಡ್ಡಿ ಎಲ್ಲೋ ದೂರದಲ್ಲಿ ಚೆನ್ನಾಗಿದ್ದಾನೆ ಎಂದು ಬರೆದುಕೊಂಡು ಬಂದಿದ್ದರು. ಮೇಷ್ಟ್ರ ಕಾಲಿಗೆ ಬಿದ್ದಾದರೂ ಒಪ್ಪಿಸುತ್ತೇನೆ ಅಂದರು.

ಅಕ್ಕ ನಿಂತಲ್ಲೇ ಓದಿದಳು. ಕಡೆಯ ಸಾಲಿಗೆ ಬಂದು ಅದನ್ನು ಇನ್ನೊಮ್ಮೆ ಓದಿದಳು. ಆಸೆಯಾಯಿತು ಅವಳಿಗೆ, ನನಗೆ ಕಂಡಿತು. ಆಮೇಲೆ ಹಾಳೆಯನ್ನು ಅಂಗಿ ಮಡಿಸುವಷ್ಟೇ ಜೋಪಾನವಾಗಿ ಮಡಿಸಿ ವಾಪಸು ಕೊಟ್ಟಳು.

"ಬೇಡಿ ಸಾರ್. ಇನ್ನೊಬ್ಬರ ಮನೆ ಹುಡುಗನ್ನ ಯಾಕೆ ಮುಳುಗಿಸ್ತೀರಿ? ಅವನಿಗೂ ಒಬ್ಬಳು ಅಕ್ಕ ಇರ್ತಾಳೆ."

ಅವರು ಕಣ್ಣೊರಸಿಕೊಳ್ಳುತ್ತ ಹೋದರು. ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅಕ್ಕ ಪಕ್ಕದಲ್ಲಿದ್ದ ಅಂಗಿ ಎಳೆದುಕೊಂಡು ಕಾಲರಿಗೆ ನೀರು ಚಿಮುಕಿಸಿದಳು.

ಅಷ್ಟು ಹೊತ್ತಿಗೆ ನನಗೂ ಅದು ಹತ್ತಿಕೊಂಡಿತ್ತು. ನಡುಮನೆಯಲ್ಲಿ ಕೂತರೆ ನೀರು ತೊಟ್ಟಿಕ್ಕುವ ಸದ್ದು. ಎದ್ದು ಹೋಗಿ ನಲ್ಲಿ ತಿರುವಿ ಬಿಗಿ ಮಾಡಿದರೆ ನಲ್ಲಿ ಬಿಗಿಯಾಗೇ ಇರುತ್ತಿತ್ತು. ಬಾಗಿಲ ಹತ್ತಿರ ಅರೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆ. ನಾನೇ ಕರೆತಂದು ನಿಲ್ಲಿಸಿದ್ದವನು, ನನ್ನನ್ನು ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಸಂಜೆ ಬೆಳಕು ಇಳಿಯುವ ಹೊತ್ತಿಗೆ ಬಾಗಿಲ ಸಂದಿನಿಂದ ಒಳಗೆ ಬೀಳುವ ಬಿಸಿಲಿನ ಗೆರೆ ಒಮ್ಮೊಮ್ಮೆ ನಡುವೆ ತುಂಡಾಗುತ್ತಿತ್ತು. ಹೊರಗೆ ಯಾರೋ ಹಾದು ಹೋದರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಹಾದು ಹೋದ ಹೆಜ್ಜೆ ಮಾತ್ರ ಕೇಳುತ್ತಿರಲಿಲ್ಲ.

ಕೊನೆಯ ಕ್ಲಾಸಿಗೆ ಹೋಗುವುದೇ ಬೇಡ ಅಂದೆ. ಅಕ್ಕ ಆಗಲೇ ತಲೆ ಬಾಚಿಕೊಂಡು ನಿಂತಿದ್ದಳು. "ಅವನು ನಿಂತೇ ಇರಬೇಕಾ?" ಅಂದಳು.

ಕೊನೆಯನ್ನು ಬರೆಯುವುದು ಹೇಗೆ ಎಂಬುದೇ ಆ ದಿನದ ಪಾಠ. ಮೇಷ್ಟ್ರು ಹೇಳಿದ್ದು ಇಷ್ಟೇ. "ಕೊನೆಯನ್ನ ಎಲ್ಲೋ ಮುಂದೆ ಹುಡುಕಬೇಡಿ. ಮೊದಲನೇ ಹಾಳೆಗೆ ವಾಪಸ್ ಹೋಗಿ. ಅಲ್ಲಿ ಏನನ್ನ ಅರ್ಧಕ್ಕೆ ಬಿಟ್ಟಿದ್ದೀರೋ ಅದೇ ನಿಮ್ಮ ಕೊನೆ." ಎಲ್ಲರೂ ತಲೆ ಕೆರೆದುಕೊಂಡರು. ಅಕ್ಕ ಮಾತ್ರ ತನ್ನ ಮೊದಲ ಹಾಳೆಯನ್ನು ಬಹಳ ಹೊತ್ತು ನೋಡಿದಳು, ಆಮೇಲೆ ತಲೆಯೆತ್ತದೆ ಬರೆದಳು. ಅವಳ ಸರದಿ ಬಂದಾಗ ಎದ್ದು, ಇಸ್ತ್ರಿ ಮೇಜಿನ ಮುಂದೆ ನಿಲ್ಲುವಂತೆ ಕಾಲು ಸ್ವಲ್ಪ ಅಗಲಿಸಿ ನಿಂತು ಓದಿದಳು. ಆ ಮಾತುಗಳು ನನಗೆ ಬಾಯಿಪಾಠ ಬರುತ್ತವೆ.

"ಅಕ್ಕ ಬಾಗಿಲು ತೆಗೆದಳು. ತಮ್ಮ ಕಾಲೊರಸಿನ ಮೇಲೆ ನಿಂತಿದ್ದ. ಒಳಗೆ ಬಾ ಎಂದು ಕರೆಯಲಿಲ್ಲ. ಅಂಗಿ ಬಿಚ್ಚು ಅಂದಳು. ಅವನು ಬಿಚ್ಚಿ ಕೊಟ್ಟ. ಹಿಂಡಿದಳು, ಕೊಡವಿದಳು, ಒಣಗಿಸಿದಳು. ಮೇಜಿನ ಮೇಲೆ ಹಾಸಿ ಮೊದಲು ಕಾಲರ್, ಆಮೇಲೆ ಬೆನ್ನು, ಆಮೇಲೆ ಬಲತೋಳು. ಅವನು ಈ ಸಲ ಹೊತ್ತಾಯ್ತು ಎನ್ನಲಿಲ್ಲ. ಎಡತೋಳನ್ನು ಅವಳು ನಿಧಾನವಾಗಿ ಮಾಡಿದಳು, ಕಫ್ಫಿನ ಒಳಗೂ ಮಾಡಿದಳು. ಅಂಗಿ ತೊಡಿಸಿ ಗುಂಡಿ ಹಾಕಿದಳು. ಬೆಚ್ಚಗಿದೆ ಕಣೇ ಅಂದ. ಈಗ ಎಲ್ಲಿಗೆ ಹೋಗಲಿ ಎಂದು ಕೇಳಿದ. ನೀನು ಹೋಗಿ ತುಂಬಾ ದಿನ ಆಯ್ತು ಕಣೋ, ನಾನೇ ನಿನ್ನನ್ನ ಹಿಡ್ಕೊಂಡು ನಿಲ್ಲಿಸಿದ್ದೆ ಅಂದಳು. ಅವನು ಕೂದಲು ಹಿಂದಕ್ಕೆ ತಳ್ಳಿಕೊಂಡ. ಮುಖ ಕಂಡಿತು. ಮೀಸೆ ಇನ್ನೂ ಬಂದಿರಲಿಲ್ಲ. ಹೋಗುವಾಗ ತಿರುಗಿ, ಅಕ್ಕಾ, ಬಾಗಿಲು ಹಾಕ್ಕೋ ಅಂದ. ಅವಳು ಹೋಗಿ ಹಾಕಿಕೊಂಡಳು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಡ್ರೈವಿಂಗ್ ಮಾಸ್ತರರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಮೇಷ್ಟ್ರು ಏನೋ ಹೇಳಲು ಹೋಗಿ ಗಂಟಲು ಮಾತ್ರೆ ನುಂಗಿಬಿಟ್ಟರು.

ದಾರಿಯಲ್ಲಿ ನಾನು ಅಳುತ್ತಿದ್ದೆ. ಅವಳ ಕಣ್ಣು ಒಣಗಿತ್ತು.

"ಅಕ್ಕ, ಅದು ಬರೀ ಕಥೆ ಅಲ್ವಾ? ಅವನು ಎಲ್ಲಾದ್ರೂ ಇರಬಹುದಲ್ವಾ?"

"ಬರೆದದ್ದು ನಡೆದದ್ದು ಅಂತ ಅಲ್ವೇನೇ ಮೇಷ್ಟ್ರು ಹೇಳಿದ್ದು," ಅಂದಳು. ಸ್ವಲ್ಪ ದೂರ ನಡೆದ ಮೇಲೆ, "ಮಾವನ ಮನೆಗೆ ಒಂದ್ಸಲ ಹೋಗಿ ಬರಬೇಕು" ಅಂದಳು.

ಮನೆ ಬಂತು. ನಾನು ಅಭ್ಯಾಸಬಲದಿಂದ ಗೋಡೆಗೆ ಒತ್ತಿಕೊಂಡು ಒಳಗೆ ಹೋದೆ. ಅಕ್ಕ ಕಾಲೊರಸಿನ ಮೇಲೆ ಹೆಜ್ಜೆಯಿಟ್ಟು, ಎರಡೂ ಪಾದಗಳನ್ನು ಚೆನ್ನಾಗಿ ಒರೆಸಿಕೊಂಡು ಬಂದಳು. ಬಾಗಿಲು ಮುಂದೆ ಮಾಡಿದಳು. ಕೈ ಮೇಲಕ್ಕೆತ್ತಿ ಚಿಲಕ ಹಾಕಿದಳು. ಅಭ್ಯಾಸವಿಲ್ಲದ ಕೈ, ಎರಡು ಸಲ ಒತ್ತಬೇಕಾಯಿತು. ಆಮೇಲೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.

ಇನ್ನೂ ಬೆಳಕಿತ್ತು. ನಾನು ತರಕಾರಿ ಹೆಚ್ಚುತ್ತ ಕೂತಿದ್ದೆ. ಆಗ ಬಾಗಿಲು ತಟ್ಟಿದ ಸದ್ದಾಯಿತು. ನಮ್ಮ ಮನೆಯ ಬಾಗಿಲು ತಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಾಕು ಕೆಳಗಿಟ್ಟೆ. ನಾನು ಅಕ್ಕನ ಕಡೆ ನೋಡಿದೆ, ಅವಳು ತಲೆಯೆತ್ತುತ್ತಾಳೆ ಎಂದು ಕಾದೆ. ಅವಳು ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಇದ್ದಳು.

"ನಿಮ್ಮನೆಯವರು ಬಂದ್ರು ನೋಡು, ತೆಗಿ," ಅಂದಳು.

ಎದ್ದು ಹೋದೆ. ಚಿಲಕದ ಮೇಲೆ ಕೈಯಿಟ್ಟೆ, ತೆಗೆಯಲು ಆಗಲಿಲ್ಲ. ಮತ್ತೆ ತಟ್ಟಿದರು. ಆ ಮನೆಗೆ ಬಂದಾಗಿನಿಂದ ಎಂದೂ ಕೇಳದ ಮಾತನ್ನು ಬಾಗಿಲಿಗೆ ಬಾಯಿ ತಂದು ಮೆಲ್ಲಗೆ ಕೇಳಿದೆ.

"ಯಾರು?"